ಹಳೇ ಬೆಂಜ್ ಮತ್ತು ಬಳ್ಳಾರಿಯ ಕೆಂಪು ಧೂಳು

ಗಣಿ ಜೋರಿದ್ದ ದಿನಗಳಲ್ಲಿ ಬಳ್ಳಾರಿ, ಸಂಡೂರು, ಹೊಸಪೇಟೆ ಕಡೆ ಬಂದಿಳಿದ ಬೆಂಜ್‌ಗಳು ಈಗ ಎರಡನೇ, ಮೂರನೇ ಮಾಲೀಕರ ಕೈ ಸೇರಿವೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿದ ಮೇಲೆ ಶೆಡ್ಡಿನಲ್ಲೇ ವರ್ಷಗಟ್ಟಲೆ ನಿಂತವೂ ಇವೆ. ಕೆಎ-34 ನಂಬರಿನ ಹಳೇ ಇ-ಕ್ಲಾಸ್ ಹೊಸ ಸಣ್ಣ ಕಾರಿನ ದುಡ್ಡಿಗಿಂತ ಕಮ್ಮಿಗೆ ಸಿಗುವುದು ದೊಡ್ಡ ಮಾತೇನಲ್ಲ. ಆನೆ ಕೊಂಡವನಿಗೆ ಅಂಕುಶ ಭಾರವೇ ಅನ್ನುತ್ತಾರೆ. ಈ ಆನೆಗೆ ಮಾತ್ರ ಅಂಕುಶವೇ ಭಾರ.

ಇಲ್ಲಿ ಹೇಳುತ್ತಿರುವುದು 2002ರಿಂದ 2009ರವರೆಗೆ ಬಂದ ಇ-ಕ್ಲಾಸ್ ಬಗ್ಗೆ, ಕಂಪನಿಯ ಸಂಕೇತದಲ್ಲಿ ಡಬ್ಲ್ಯೂ211. ತೀರ್ಪು ಮೊದಲೇ ಹೇಳಿಬಿಡುವುದು ಒಳ್ಳೆಯದು. ತೊಗೊಳ್ಳುವುದಾದರೆ 2006ರ ಮಧ್ಯದಲ್ಲಿ ಮುಖ ಬದಲಾದ ನಂತರದ ಡೀಸೆಲ್ ಗಾಡಿ ಇ 220 ಸಿಡಿಐ ತೊಗೊಳ್ಳಿ. ಅದಕ್ಕೂ ಹಿಂದಿನದು ಎಷ್ಟೇ ಥಳಥಳಿಸುತ್ತಿದ್ದರೂ ಬೇಡ. ಕಾರಣ ಬ್ರೇಕು.

ಹಳೇ ಗಾಡಿಗಳಲ್ಲಿರುವುದು ಎಸ್‌ಬಿಸಿ ಬ್ರೇಕ್. ನೀವು ಪೆಡಲ್ ಒತ್ತಿದರೆ ಅದು ಬರೀ ಸೂಚನೆ, ಒತ್ತಡ ಕೊಡುವುದು ವಿದ್ಯುತ್ ಪಂಪು. ಬಾಗಿಲು ತೆಗೆದ ಕೂಡಲೇ ಬಾನೆಟ್ ಕಡೆಯಿಂದ ಗುಂಯ್ ಎಂದು ಕೇಳಿಸುವ ಸದ್ದು ಅದರದ್ದೇ. ಎಷ್ಟು ಸಲ ಬ್ರೇಕ್ ಹಾಕಿದಿರಿ ಎಂದು ಪಂಪಿನೊಳಗಿನ ಕಂಪ್ಯೂಟರ್ ಲೆಕ್ಕ ಇಡುತ್ತದೆ. ಲೆಕ್ಕ ಮುಗಿದ ದಿನ ಮೀಟರಿನಲ್ಲಿ ವರ್ಕ್‌ಶಾಪಿಗೆ ಹೋಗಿ ಎಂಬ ಸಂದೇಶ ಬರುತ್ತದೆ. ಪಂಪು ಪೂರ್ತಿ ಕೈಕೊಟ್ಟರೆ ಮುಂದಿನ ಎರಡು ಚಕ್ರಕ್ಕೆ ಮಾತ್ರ ಬ್ರೇಕ್, ಅದೂ ಪೆಡಲನ್ನು ಆಳಕ್ಕೆ ತುಳಿದರೆ. 2004ರಲ್ಲೂ 2005ರಲ್ಲೂ ಕಂಪನಿಯೇ ಈ ಬ್ರೇಕಿಗಾಗಿ ಲಕ್ಷಗಟ್ಟಲೆ ಕಾರುಗಳನ್ನು ವಾಪಸ್ ಕರೆಸಿತ್ತು. ಆಮೇಲೆ ಇ-ಕ್ಲಾಸ್‌ನಲ್ಲಿ ಆ ವ್ಯವಸ್ಥೆಯನ್ನೇ ಕೈಬಿಟ್ಟು ಮಾಮೂಲಿ ಹೈಡ್ರಾಲಿಕ್ ಬ್ರೇಕಿಗೆ ಮರಳಿತು. ಲೆಕ್ಕವನ್ನು ಸೊನ್ನೆಗೆ ತಂದುಕೊಡುತ್ತೇವೆ ಎನ್ನುವವರು ಸಿಗುತ್ತಾರೆ. ಸೊನ್ನೆಯಾಗುವುದು ಅಂಕಿ, ಸವೆದ ಮೋಟಾರ್ ಸವೆದೇ ಇರುತ್ತದೆ. ಈಗಾಗಲೇ ಇಂಥ ಕಾರು ಇಟ್ಟುಕೊಂಡವರು ಒಂದು ಮಾತು ನೆನಪಿಡಿ. ಪ್ಯಾಡ್ ಬದಲಿಸುವ ಮುಂಚೆ ಸ್ಕ್ಯಾನರ್ ಹಾಕಿ ಎಸ್‌ಬಿಸಿಯನ್ನು ಆಫ್ ಮಾಡಲೇಬೇಕು. ಇಲ್ಲದಿದ್ದರೆ ಯಾರೋ ಬಾಗಿಲು ತೆಗೆದಾಗ ಪಂಪು ಎಚ್ಚೆತ್ತು ಪಿಸ್ಟನ್ ಮುಂದಕ್ಕೆ ಬರುತ್ತದೆ, ಪ್ಯಾಡ್ ಒತ್ತುವ ಕ್ಯಾಲಿಪರ್‌ನಲ್ಲಿ ಕೈಯಿಟ್ಟವನ ಬೆರಳು ಹೋಗುತ್ತದೆ.

ಎಂಜಿನ್ ವಿಷಯಕ್ಕೆ ಬಂದರೆ ಓಎಂ646 ಎಂಬ 2,148 ಸಿಸಿ ಡೀಸೆಲ್ ನಿಜಕ್ಕೂ ಗಟ್ಟಿ. ಟೈಮಿಂಗ್ ಬೆಲ್ಟ್ ಇಲ್ಲ, ಚೈನ್ ಇದೆ. ಅದರ ದೊಡ್ಡ ಕಾಯಿಲೆ ಡೀಸೆಲ್ ಸಿಂಪಡಿಸುವ ಇಂಜೆಕ್ಟರಿನ ಬುಡದ ತಾಮ್ರದ ವಾಷರ್. ವಾಷರ್ ಸೋತರೆ ಸಿಲಿಂಡರಿನ ಬಿಸಿ ಗಾಳಿ ಇಂಜೆಕ್ಟರ್ ಪಕ್ಕದಿಂದ ನುಗ್ಗಿ, ಸುತ್ತ ಡಾಂಬರಿನಂಥ ಕರಿ ಗಟ್ಟಿ ಪದಾರ್ಥ ಕಟ್ಟುತ್ತದೆ. ಗ್ಯಾರೇಜುಗಳಲ್ಲಿ ಇದಕ್ಕೆ ‘ಬ್ಲ್ಯಾಕ್ ಡೆತ್’ ಎಂದೇ ಹೆಸರು. ಎಂಜಿನ್ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದರೆ ಚುಸ್ ಚುಸ್ ಸದ್ದು, ಎಸಿ ಹಾಕಿದರೆ ಒಳಗೆ ಹೊಗೆ ವಾಸನೆ. ಮೇಲಿನ ಪ್ಲಾಸ್ಟಿಕ್ ಕವರ್ ಎತ್ತಿ ಟಾರ್ಚ್ ಬಿಟ್ಟರೆ ಕಣ್ಣಿಗೇ ಕಾಣುತ್ತದೆ.

ಆರಂಭದಲ್ಲೇ ಹಿಡಿದರೆ ಅರ್ಧ ದಿನದ ಕೆಲಸ. ಇಂಜೆಕ್ಟರ್ ತೆಗೆದು, ಅದು ಕೂರುವ ಸೀಟನ್ನು ಕಟರ್‌ನಿಂದ ಹದವಾಗಿ ಸಮ ಮಾಡಿ, ಪುಡಿ ಕೆಳಗಿಳಿಯದಂತೆ ಶುಚಿಗೊಳಿಸಿ, ಹೊಸ ವಾಷರ್, ಹೊಸ ಬೋಲ್ಟ್ ಹಾಕಬೇಕು. ಬೋಲ್ಟ್ ಹಳೆಯದೇ ಸಾಕು ಎನ್ನುವ ಮೆಕ್ಯಾನಿಕ್ ಸಿಕ್ಕರೆ ಅಲ್ಲಿಂದ ಎದ್ದು ಬನ್ನಿ. ಅದು ಬಿಗಿ ಮಾಡುವಾಗ ಹಿಗ್ಗುವ ಬೋಲ್ಟ್, ಒಂದೇ ಸಲದ ಆಯುಷ್ಯ. ಎರಡನೇ ಸಲಕ್ಕೆ ಹೆಡ್ಡಿನೊಳಗೇ ತುಂಡಾದರೆ ಕೆಲಸ ಲೇತಿಗೆ ಹೋಗುತ್ತದೆ.

ತಣ್ಣಗಿನ ಎಂಜಿನ್ ಸ್ಟಾರ್ಟ್ ಆಗಲು ಬಿಸಿ ಕೊಡುವ ಹೀಟರ್ ಪ್ಲಗ್ ಬಗ್ಗೆ ಇದಕ್ಕೆ ಉಲ್ಟಾ ಸಲಹೆ. ಗಾಡಿ ಸ್ಟಾರ್ಟ್ ಆದ ಮೇಲೂ ಸುರುಳಿ ದೀಪ ಒಂದು ನಿಮಿಷ ಉರಿಯುತ್ತಿದ್ದರೆ ಒಂದೋ ಎರಡೋ ಪ್ಲಗ್ ಹೋಗಿದೆ ಎಂದರ್ಥ. ಬಳ್ಳಾರಿಯ ಚಳಿಗೆ ಅದರಿಂದ ಏನೂ ಆಗುವುದಿಲ್ಲ. ಹೆಡ್ಡಿಗೆ ಅಂಟಿಕೊಂಡ ಪ್ಲಗ್ಗನ್ನು ಬಲವಾಗಿ ತಿರುಗಿಸಿ ಮುರಿದುಕೊಳ್ಳುವುದಕ್ಕಿಂತ ದೀಪ ನೋಡುತ್ತಾ ಓಡಿಸುವುದೇ ವಾಸಿ.

ಆಯಿಲ್ 6.5 ಲೀಟರ್. ಡಬ್ಬಿಯ ಮೇಲೆ ಬೆಂಜ್‌ನ 229.5 ಎಂಬ ಗುರುತು ಇರಲಿ, ಸೈಲೆನ್ಸರಿನಲ್ಲಿ ಡಿಪಿಎಫ್ ಎಂಬ ಮಸಿ ಹಿಡಿಯುವ ಫಿಲ್ಟರ್ ಇದ್ದರೆ 229.51. ಮೀಟರ್ ಹೇಳುವ ದೂರಕ್ಕೆ ಕಾಯದೆ 10,000 ಕಿ.ಮೀ.ಗೆ ಬದಲಿಸುವುದು ನಮ್ಮ ಕಡೆಗೆ ಸರಿ. ಫಿಲ್ಟರ್ ಮೇಲಿಂದಲೇ ಬಿಚ್ಚುತ್ತದೆ, ಮುಚ್ಚಳದ ಓ-ರಿಂಗ್‌ಗಳು ಹೊಸ ಫಿಲ್ಟರ್ ಜೊತೆಗೇ ಬರುತ್ತವೆ. ಅವು ಡಬ್ಬಿಯಲ್ಲೇ ಉಳಿದು ಗುಜರಿ ಸೇರುವುದು ಮಾಮೂಲು, ನಿಂತು ನೋಡಿ.

ಇನ್ನು ಗೇರ್ ಬಾಕ್ಸ್. ಇ 220ರಲ್ಲಿರುವ ಐದು ಗೇರಿನ 722.6 ಆಟೋಮ್ಯಾಟಿಕ್‌ಗೆ ಆಯಿಲ್ ಬದಲಿಸುವುದೇ ಬೇಡ ಎಂಬ ನಂಬಿಕೆ ಇನ್ನೂ ಹೋಗಿಲ್ಲ. ಹಾಗೆಂದು ಮೊದಲು ಹೇಳಿದ್ದು ಕಂಪನಿಯೇ, ಆಮೇಲೆ ತಿದ್ದಿಕೊಂಡಿದ್ದೂ ಕಂಪನಿಯೇ. 60,000 ಕಿ.ಮೀ.ಗೆ ಒಮ್ಮೆ ಆಯಿಲ್, ಫಿಲ್ಟರ್, ತಳದ ಆಯಿಲ್ ತಟ್ಟೆಯಾದ ಪ್ಯಾನಿನ ಗ್ಯಾಸ್ಕೆಟ್ ಮೂರೂ ಬದಲಾಗಲಿ. ಪ್ಯಾನ್ ಮಾತ್ರ ಇಳಿಸಿದರೆ ನಾಲ್ಕೈದು ಲೀಟರ್ ಬರುತ್ತದೆ, ಉಳಿದದ್ದು ಎಂಜಿನ್ನಿನ ಬಲವನ್ನು ಗೇರಿಗೆ ದಾಟಿಸುವ ಟಾರ್ಕ್ ಕನ್ವರ್ಟರಿನಲ್ಲೇ ಇರುತ್ತದೆ. ಪ್ಯಾನಿನ ತಳದಲ್ಲಿ ದುಂಡನೆಯ ಅಯಸ್ಕಾಂತ ಕೂತಿರುತ್ತದೆ. ಅದಕ್ಕೆ ವಿಭೂತಿಯಂತೆ ನುಣ್ಣನೆಯ ಬೂದು ಮೆತ್ತಿದ್ದರೆ ಅದು ಸಹಜ ಸವೆತ. ಬೆರಳಿಗೆ ಚುಚ್ಚುವ ಚೂರು ಸಿಕ್ಕರೆ ಗಾಡಿ ಮಾರುವ ಯೋಚನೆ ಮಾಡಬಹುದು.

ಆಯಿಲ್ ಮಟ್ಟ ನೋಡಲು ಕಂಪನಿ ಗೇಜ್ ಕಡ್ಡಿಯನ್ನೇ ಕೊಟ್ಟಿಲ್ಲ, ಬರೀ ಕೊಳವೆ ಇದೆ. ಕಡ್ಡಿ ಬೇರೆ ಕೊಳ್ಳಬೇಕು. ಸಮ ನೆಲದಲ್ಲಿ ಎಂಜಿನ್ ಓಡುತ್ತಿರುವಾಗ, ಆಯಿಲ್ 80 ಡಿಗ್ರಿಗೆ ಬಂದ ಮೇಲೆ ಅಳೆಯಬೇಕು. ಹೆಚ್ಚಾದರೆ ನೊರೆ ಬಂದು ಗೇರ್ ಜಾರುತ್ತದೆ, ಆದ್ದರಿಂದ ಒಂದಿಷ್ಟು ಇರಲಿ ಬಿಡು ಎಂದು ಸುರಿಯಬಾರದು. ಅದೇ ಸಮಯದಲ್ಲಿ ಪಕ್ಕದ 13 ಪಿನ್ನಿನ ವೈರ್ ಸಾಕೆಟ್ ಕಳಚಿ ನೋಡಿಸಿ. ಒಳಗೆ ಎಣ್ಣೆ ಕಂಡರೆ ಅದರ ಎರಡು ಓ-ರಿಂಗ್ ಸೋತಿವೆ. ದೀಪದ ಬತ್ತಿ ಎಣ್ಣೆ ಹೀರುವ ಹಾಗೆ ವೈರಿನ ಒಳಗಿಂದ ಆಯಿಲ್ ಮೇಲೇರಿ ಗೇರಿನ ಕಂಪ್ಯೂಟರ್ ತನಕ ಹೋಗುತ್ತದೆ. ಪ್ಲಾಸ್ಟಿಕ್ ಸಾಕೆಟ್ಟಿನ ಬೆಲೆ ಎಲ್ಲಿ, ಕಂಪ್ಯೂಟರ್ ಬೆಲೆ ಎಲ್ಲಿ!

ಧೂಳಿನ ಮಾತು ಬರದೆ ಬಳ್ಳಾರಿಯ ಕಾರಿನ ಮಾತು ಮುಗಿಯುವುದಿಲ್ಲ. ತೋರಣಗಲ್ಲು, ಸಂಡೂರು ರಸ್ತೆಯಲ್ಲಿ ದಿನಾ ಓಡುವ ಗಾಡಿಗೆ ಎಸಿ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವಿನ ಸಂದಿಯಲ್ಲಿ ಕೆಂಪು ಅದಿರಿನ ಧೂಳು, ಹುಲ್ಲು, ಹುಳು ಸೇರಿ ಚಾಪೆಯಂತೆ ಕೂರುತ್ತದೆ. ಮುಂದಿನಿಂದ ನೋಡಿದರೆ ಏನೂ ಕಾಣುವುದಿಲ್ಲ. ಮೇ ತಿಂಗಳಲ್ಲಿ ಸಿಗ್ನಲ್ಲಿನಲ್ಲಿ ನಿಂತಾಗ ಎಸಿ ಬಿಸಿ ಗಾಳಿ ಬಿಡುತ್ತದೆ, ಓಡುವಾಗ ತಣ್ಣಗಾಗುತ್ತದೆ. ಇಂಥಾದ್ದಕ್ಕೆ ಗ್ಯಾಸ್ ತುಂಬಿಸುವುದು ದುಡ್ಡು ದಂಡ. ಕೆಳಗಿನ ಶೀಲ್ಡ್ ಬಿಚ್ಚಿ ಎಂಜಿನ್ ಕಡೆಯಿಂದ ಹೊರಕ್ಕೆ ಮೆಲ್ಲಗೆ ನೀರು ಹಾಯಿಸಬೇಕು. ವಾಟರ್ ಸರ್ವೀಸಿನ ಪ್ರೆಷರ್ ಗನ್ ಹಿಡಿದರೆ ರೆಕ್ಕೆಗಳು ಮಡಚಿಕೊಂಡು ಇದ್ದ ದಾರಿಯೂ ಮುಚ್ಚುತ್ತದೆ.

ಇದರ ಜೊತೆಗೇ ನಮ್ಮೂರಿನ ಒಂದು ಕೆಟ್ಟ ಚಾಳಿ. ಬಿಸಿಲೂರು ಎಂದು, ಎಂಜಿನ್ ಶಾಖವನ್ನು ಹದದಲ್ಲಿಡುವ ಥರ್ಮೋಸ್ಟಾಟ್ ಕಿತ್ತು ಬಿಸಾಕುತ್ತಾರೆ. ಹೈವೇಯಲ್ಲಿ ಮೀಟರಿನ ಶಾಖ 60–70 ಡಿಗ್ರಿಗೇ ನಿಂತರೆ ಅದು ಆರೋಗ್ಯವಲ್ಲ. ಡೀಸೆಲ್ ಹೆಚ್ಚು ಕುಡಿಯುತ್ತದೆ, ಎಂಜಿನ್ ಹದಕ್ಕೇ ಬರುವುದಿಲ್ಲ. ಶಾಖ 80 ದಾಟಿ 90ರ ಹತ್ತಿರ ನಿಲ್ಲಬೇಕು. ಕೂಲೆಂಟಿಗೆ ಬೋರ್ ನೀರು ಬೆರೆಸಿದರೆ ಗಡಸು ನೀರಿನ ಉಪ್ಪು ರೇಡಿಯೇಟರಿನೊಳಗೆ ಕಟ್ಟುತ್ತದೆ. ಅರ್ಧ ಕೂಲೆಂಟ್, ಅರ್ಧ ಡಿಸ್ಟಿಲ್ಡ್ ವಾಟರ್, ಬೇರೆ ಏನೂ ಬೇಡ.

ಮುಂದಿನ ಚಕ್ರ ಹಿಡಿದಿರುವ ಲೋಯರ್ ಆರ್ಮಿನ ರಬ್ಬರ್ ಬುಷ್ ಬದಲಿಸಿದ ಆರೇ ತಿಂಗಳಿಗೆ ಹರಿಯಿತು ಎಂಬ ದೂರು ಬಹಳ. ತಪ್ಪು ಬಹುತೇಕ ಬುಷ್ಷಿನದಲ್ಲ. ಗಾಡಿ ಜಾಕ್ ಮೇಲಿದ್ದಾಗ, ಚಕ್ರ ಜೋತಾಡುತ್ತಿರುವಾಗಲೇ ಬೋಲ್ಟ್ ಬಿಗಿ ಮಾಡಿರುತ್ತಾರೆ. ನೆಲಕ್ಕಿಳಿದ ಕೂಡಲೇ ರಬ್ಬರ್ ತಿರುಚಿಕೊಂಡು ಹಾಗೇ ಉಳಿಯುತ್ತದೆ. ಭಾರ ಚಕ್ರದ ಮೇಲೆ ಬಿದ್ದ ನಂತರವೇ ಕೊನೆಯ ಬಿಗಿ.

ಸರ್ವೀಸ್ ಎಲ್ಲಿ? ಬೆಂಗಳೂರಿನ ಶೋರೂಂ ಮುನ್ನೂರು ಕಿ.ಮೀ. ದೂರ. ಆಯಿಲ್, ಬ್ರೇಕ್, ಸಸ್ಪೆನ್ಷನ್ ಕೆಲಸ ಊರಿನ ಒಳ್ಳೆಯ ಗ್ಯಾರೇಜಿನಲ್ಲೇ ಆಗುತ್ತದೆ. ಕೇಳಬೇಕಾದ ಪ್ರಶ್ನೆ ಒಂದೇ, ಬೆಂಜ್‌ನ ಸ್ಟಾರ್ ಅಥವಾ ಜೆಂಟ್ರಿ ಸ್ಕ್ಯಾನರ್ ಇದೆಯಾ? ಎಲ್ಲಾ ಕಾರಿಗೂ ಆಗುವ ಅಗ್ಗದ ಸ್ಕ್ಯಾನರ್ ಬಹುತೇಕ ಎಂಜಿನ್ ದೋಷವಷ್ಟೇ ಓದುತ್ತದೆ. ಗೇರ್, ಬ್ರೇಕ್, ಏರ್‌ಬ್ಯಾಗ್ ದೋಷ ಅದಕ್ಕೆ ಕಾಣುವುದಿಲ್ಲ. ಆಗ ಊಹೆಯ ಮೇಲೆ ಒಂದೊಂದೇ ಪಾರ್ಟ್ ಬದಲಾಗುತ್ತಾ ಹೋಗುತ್ತದೆ, ಈ ಕಾರು ದುಬಾರಿಯಾಗುವುದೇ ಹೀಗೆ. ಪಾರ್ಟ್ ತರಿಸುವಾಗ 17 ಅಕ್ಷರದ ಚಾಸಿ ನಂಬರ್ ಕೊಟ್ಟೇ ಆರ್ಡರ್ ಮಾಡಿ. ನಕ್ಷತ್ರದ ಡಬ್ಬಿಯೇ ಬೇಕೆಂದಿಲ್ಲ, ಬಾಷ್, ಲೆಮ್‌ಫೋರ್ಡರ್, ಮಾನ್, ಮಾಲೆ ಕಂಪನಿಗಳ ಪಾರ್ಟ್ ಸಾಕು. 2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ, ಬಿಲ್ಲಿನಲ್ಲಿ ನೋಡಿಕೊಳ್ಳಿ. ದಾರಿಯಲ್ಲಿ ಕೆಟ್ಟರೆ ಹಗ್ಗ ಕಟ್ಟಿ ಬೆಂಗಳೂರಿಗೆ ಎಳೆಸಬೇಡಿ. ಎಂಜಿನ್ ನಿಂತರೆ ಗೇರಿನ ಆಯಿಲ್ ಪಂಪೂ ನಿಂತಿರುತ್ತದೆ, ಗಾಡಿಯನ್ನು ಲಾರಿ ಮೇಲೆ ಹತ್ತಿಸಿ.

ಈ ಕಾರುಗಳಿಗೆ ಈಗ 15 ವರ್ಷ ದಾಟಿದೆ. ಆರ್‌ಸಿ ನವೀಕರಣವಾಗಿದೆಯೇ ಎಂದು ಮುಂಗಡ ಕೊಡುವ ಮುಂಚೆ ನೋಡಿ. ಗಾಡಿ ನೋಡಲು ಬೆಳಿಗ್ಗೆಯೇ ಹೋಗಿ, ಬಾನೆಟ್ ಮುಟ್ಟಿ. ಮಾರುವವರು ನಿಮಗಿಂತ ಮುಂಚೆ ಎದ್ದು ಎಂಜಿನ್ ಬಿಸಿ ಮಾಡಿಟ್ಟಿದ್ದರೆ, ಸಂಜೆವರೆಗೂ ಮೆಣಸಿನಕಾಯಿ ಮಂಡಕ್ಕಿ ತಿನ್ನುತ್ತಾ ಕೂತು, ತಣ್ಣಗಾದ ಮೇಲೆ ನೀವೇ ಕೀ ತಿರುಗಿಸಿ.