ಪೈಥಾನ್ ಪ್ಯಾಕೇಜ್ ಪಟ್ಟಿಗೆ ಪಿಪ್ ಫ್ರೀಝ್, ಪಿಪ್-ಟೂಲ್ಸ್, ಯುವಿ: ಯಾವುದು ಯಾರಿಗೆ?

ಪೈಥಾನ್ ಪ್ರಾಜೆಕ್ಟ್‌ಗೆ ಯಾವ ಪ್ಯಾಕೇಜ್ (ಬೇರೆಯವರು ಬರೆದಿಟ್ಟ ಕೋಡ್) ಬೇಕು ಅನ್ನುವ ಪಟ್ಟಿಯನ್ನು ಈ ಮೂರೂ ಸಾಧನಗಳು ತಯಾರಿಸುತ್ತವೆ. ಆ ಪಟ್ಟಿಯನ್ನು ಎಷ್ಟು ನಂಬಬಹುದು? ಮೊದಲು ನೋಡಬೇಕಾದ್ದು ಇದನ್ನೇ.

ಪಿಪ್ ಫ್ರೀಝ್ ಎನ್ವಿರಾನ್‌ಮೆಂಟ್‌ನಲ್ಲಿ (ಪ್ಯಾಕೇಜ್‌ಗಳನ್ನು ಹಾಕಿಕೊಂಡ ಜಾಗ) ಏನಿದೆಯೋ ಅದನ್ನೆಲ್ಲ ಬರೆದುಕೊಡುತ್ತದೆ, ಅಷ್ಟೇ. ವೆಬ್‌ಸೈಟ್ ಕಟ್ಟಲು ಬಳಸುವ ಫ್ಲಾಸ್ಕ್ ಪ್ಯಾಕೇಜ್ ಹಾಕಿದರೆ ಅದರ ಹಿಂದೆಯೇ ಅದಕ್ಕೆ ಬೇಕಾದ ವರ್ಕ್‌ಜ್ಯೂಗ್, ಜಿಂಜಾ, ಕ್ಲಿಕ್ ಎಲ್ಲ ಬರುತ್ತವೆ. ಆಮೇಲೆ ಫ್ಲಾಸ್ಕ್ ತೆಗೆದರೂ ಅವು ಮದುವೆ ಮುಗಿದರೂ ಹೊರಡದ ನೆಂಟರ ಹಾಗೆ ಅಲ್ಲೇ ಇರುತ್ತವೆ. ಪಟ್ಟಿಯಲ್ಲೂ ಇರುತ್ತವೆ. ಯಾವುದು ನಿಮಗೆ ಬೇಕಾಗಿದ್ದು, ಯಾವುದು ತಾನಾಗಿ ಬಂದಿದ್ದು ಅಂತ ಗೊತ್ತೇ ಆಗುವುದಿಲ್ಲ.

ಪಿಪ್-ಟೂಲ್ಸ್‌ನಲ್ಲಿ ನೀವು ಬರೆಯುವುದು ‘ಫ್ಲಾಸ್ಕ್’ ಅಂತ ಒಂದೇ ಸಾಲು. ಅದರಲ್ಲಿರುವ ಪಿಪ್-ಕಂಪೈಲ್ ಕಮಾಂಡ್ ಉಳಿದಿದ್ದನ್ನು ಲೆಕ್ಕ ಹಾಕಿ, ಪ್ರತಿ ಪ್ಯಾಕೇಜ್ ಯಾರಿಂದ ಬಂತು ಅಂತ ಕಾಮೆಂಟ್ ಬರೆಯುತ್ತದೆ. ಇನ್ನೊಂದು ಕಮಾಂಡ್ ಪಿಪ್-ಸಿಂಕ್ ಓಡಿಸಿದರೆ ಪಟ್ಟಿಯಲ್ಲಿ ಇಲ್ಲದ್ದನ್ನು ಕಿತ್ತುಹಾಕುತ್ತದೆ. ಆದರೆ ಒಂದು ತೊಡಕಿದೆ. ಕ್ಲಿಕ್‌ಗೆ ವಿಂಡೋಸ್‌ನಲ್ಲಿ ಮಾತ್ರ ಕಲರಾಮಾ ಅನ್ನುವ ಇನ್ನೊಂದು ಪ್ಯಾಕೇಜ್ ಬೇಕು. ಲಿನಕ್ಸ್‌ನಲ್ಲಿ ತಯಾರಿಸಿದ ಪಟ್ಟಿಯಲ್ಲಿ ಅದು ಇರುವುದೇ ಇಲ್ಲ. ಯುವಿಯ ಲಾಕ್ ಫೈಲ್ (ಅದು ತಯಾರಿಸುವ ಪಟ್ಟಿ) ವಿಂಡೋಸ್, ಲಿನಕ್ಸ್ ಎರಡಕ್ಕೂ ಸೇರಿಸಿಯೇ ಬರೆದಿಡುತ್ತದೆ. ಟೀಮಿನಲ್ಲಿ ಅರ್ಧ ಜನ ವಿಂಡೋಸ್‌ನವರಾದರೆ ಇದು ದೊಡ್ಡ ವಿಷಯ ಅಲ್ವಾ?

ಖರ್ಚು ಮೂರಕ್ಕೂ ಇಲ್ಲ. ವೇಗದಲ್ಲಿ ರಸ್ಟ್ ಭಾಷೆಯಲ್ಲಿ ಬರೆದ ಯುವಿ ತುಂಬ ಮುಂದೆ. ಆದರೆ ಅದು 2024ರಲ್ಲಿ ಬಂದ ಹೊಸಬ, ಟೀಮಿನವರೆಲ್ಲ ಕಲಿಯಬೇಕು. ಫ್ರೀಝ್‌ಗೆ ಕಲಿಯುವುದೇನೂ ಇಲ್ಲ.

ಒಂದು ವಾರದ ಪ್ರಯೋಗಕ್ಕೆ ಫ್ರೀಝ್ ಸಾಕು, ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಹಳೇ ಪ್ರಾಜೆಕ್ಟ್, ಸರ್ವರ್ ಎಲ್ಲ ಲಿನಕ್ಸ್, ಡಿಪ್ಲಾಯ್ ಸ್ಕ್ರಿಪ್ಟ್ (ಕೋಡನ್ನು ಸರ್ವರ್‌ಗೆ ಏರಿಸುವ ಕಮಾಂಡುಗಳು) ಮುಟ್ಟಲು ಭಯ ಅಂದರೆ ಪಿಪ್-ಟೂಲ್ಸ್. ಹೊಸದಾಗಿ ಶುರು ಮಾಡುತ್ತಿದ್ದೀರಿ, ಟೀಮಿನಲ್ಲಿ ಬಗೆಬಗೆಯ ಲ್ಯಾಪ್‌ಟಾಪ್ ಇವೆ ಅಂದರೆ ನಾನಾಗಿದ್ದರೆ ಯುವಿ ಹಿಡಿಯುತ್ತಿದ್ದೆ.