ಜಿಟಿ40 ರೆಪ್ಲಿಕಾ ಕೊಳ್ಳುವ ಮುಂಚೆ ಇದನ್ನೊಮ್ಮೆ ಓದಿ

ಇಂಗ್ಲೆಂಡಿನಲ್ಲಿ ಕಿಟ್ ಕಾರು (ಬಿಡಿಭಾಗ ಕೊಂಡು ಜೋಡಿಸಿದ ಕಾರು), ರೆಪ್ಲಿಕಾ (ಹಳೇ ಕಾರಿನ ನಕಲು) ಅಂತ ಹುಡುಕುತ್ತಿರುವ ಕನ್ನಡದ ಗೆಳೆಯರಿಗಾಗಿ ಬರೆಯುತ್ತಿದ್ದೇನೆ. ಹೋದ ಬೇಸಿಗೆಯಲ್ಲಿ ನನ್ನ ಕಾರಿನಲ್ಲಿ ಅಪ್ಪನ ಕಾಲು ಸುಟ್ಟಿತು. ನಾನು ಸರಿಯಾಗಿ ನೋಡದೆ ಕೊಂಡಿದ್ದೇ ಅದಕ್ಕೆ ಕಾರಣ.

ಫೋರ್ಡ್ ಜಿಟಿ40 ಅಂದರೆ 1966ರಿಂದ 1969ರವರೆಗೆ ಸಾಲಾಗಿ 4 ವರ್ಷ ಫ್ರಾನ್ಸಿನ 24 ಗಂಟೆಯ ಲೆ ಮಾನ್ಸ್ ರೇಸ್ ಗೆದ್ದ ಕಾರು. ಹೆಸರಿನ 40 ಅದರ ಎತ್ತರ, ಇಂಚಿನಲ್ಲಿ. ನಿಂತರೆ ನನ್ನ ಸೊಂಟಕ್ಕೆ ಬರುತ್ತದೆ. ಅಸಲಿ ಕಾರು ನಮ್ಮಂಥವರ ಕೈಗೆಟುಕುವುದಲ್ಲ, ಅಲ್ವಾ? ಅದಕ್ಕೇ ಫೈಬರ್‌ಗ್ಲಾಸ್ ಬಾಡಿಯ ರೆಪ್ಲಿಕಾ ಕೊಂಡೆ. ಹಳ್ಳಿ ರಸ್ತೆಯಲ್ಲಿ 10 ನಿಮಿಷ ಓಡಿಸಿ ನೋಡಿದೆ. ಆ 8 ಸಿಲಿಂಡರಿನ ವಿ8 ಎಂಜಿನ್ ಸದ್ದಿಗೇ ಮನಸೋತು ಮಾರನೇ ದಿನ ದುಡ್ಡು ಕೊಟ್ಟೆ.

ಹಂಪ್ ಬಂದರೆ ತಳ ಕರಕರ ಉಜ್ಜುತ್ತಿತ್ತು. ಹಿಂದೆ ಬರುವ ಗಾಡಿ ಸರಿಯಾಗಿ ಕಾಣುತ್ತಿರಲಿಲ್ಲ. ಅದನ್ನೆಲ್ಲ ಸಹಿಸಿಕೊಂಡೆ.

ಜುಲೈನಲ್ಲಿ ಅಪ್ಪ ಮೈಸೂರಿನಿಂದ ಬಂದಿದ್ದರು. ಕಾರಿಗೆ ಹತ್ತಬೇಕಾದರೆ ಬಾಗಿಲ ಕೆಳಗಿನ ಅಗಲವಾದ ಅಂಚು ದಾಟಬೇಕು. ಪೆಟ್ರೋಲ್ ಟ್ಯಾಂಕ್ ಇರುವುದೇ ಆ ಅಂಚಿನೊಳಗೆ, ಎರಡೂ ಕಡೆ. ಅವರ ಮೊಣಕಾಲು ಹಿಡಿದು ಒಂದೊಂದೇ ಕಾಲು ಒಳಗಿಡಿಸಿದೆ. ಲಂಡನ್ ಸುತ್ತಲಿನ ಹೆದ್ದಾರಿ ಎಂ25ರಲ್ಲಿ ಟ್ರಾಫಿಕ್ ನಿಂತಿತು. ಕಿಟಕಿ ಇಳಿಯುವುದಿಲ್ಲ, ಗಾಳಿಗೆ ಅಂತ ತೆರೆಯುವ ಅಂಗೈ ಅಗಲದ ಒಂದು ಮುಚ್ಚಳ ಅಷ್ಟೇ. ಸ್ವಲ್ಪ ಹೊತ್ತಿಗೆ ಅಪ್ಪ, "ಏನೋ ಮಗಾ, ಬಲಗಾಲು ಸುಡ್ತಿದೆಯಲ್ಲೋ" ಅಂದರು. ಎಂಜಿನ್ ಬಿಸಿ ತೋರಿಸುವ ಮೀಟರ್ ನೋಡಿದರೆ ಮುಳ್ಳು ಕೆಂಪು ಮುಟ್ಟಿತ್ತು.

ಎಡಕ್ಕೆ ಸರಿಯಲು ಹೋದರೆ ಪಕ್ಕದ ಲಾರಿಯವನಿಗೆ ನಾವು ಕಾಣಲೇ ಇಲ್ಲ. ಅದರ ಚಕ್ರ ಅಪ್ಪನ ತಲೆಯ ಮಟ್ಟದಲ್ಲಿ ಉರುಳುತ್ತಿತ್ತು. ರಸ್ತೆಯ ಅಂಚಿಗೆ ಬಂದು ನಿಲ್ಲಿಸುವಷ್ಟರಲ್ಲಿ ಟಪ್ ಅಂತ ಸದ್ದಾಯಿತು, ಒಳಗೆಲ್ಲ ಹಬೆ. "ಅಪ್ಪ, ಇಳೀರಿ, ಬೇಗ ಇಳೀರಿ" ಅಂತ ಕೂಗಿದೆ. ಅವರಿಗೆ ಏಳಲು ಆಗಲಿಲ್ಲ. ನಾನು ಸುತ್ತಿ ಬಂದು ಕಂಕುಳಿಗೆ ಕೈ ಹಾಕಿ ಎಳೆದೆ. ಮೀನಖಂಡದ ಮೇಲೆ ಆಗಲೇ ಬೊಬ್ಬೆ ಎದ್ದಿತ್ತು.

ಈ ಕಾರಿನಲ್ಲಿ ಎಂಜಿನ್ ಹಿಂದೆ, ಅದರ ನೀರು ತಣ್ಣಗೆ ಮಾಡುವ ರೇಡಿಯೇಟರ್ ಮುಂದೆ. ಬಿಸಿನೀರಿನ ಪೈಪು ಎರಡು ಸೀಟಿನ ನಡುವಿನ ಸುರಂಗದಲ್ಲಿ ನಮ್ಮ ಕಾಲ ಪಕ್ಕದಲ್ಲೇ ಹಾದುಹೋಗುತ್ತದೆ. ರೇಸಿನಲ್ಲಿ ಓಡುವಾಗ ಗಾಳಿಯೇ ತಣ್ಣಗೆ ಮಾಡುತ್ತದೆ. ನಿಂತಾಗ ಫ್ಯಾನ್ ಒಂದೇ ಗತಿ. ನನ್ನದರಲ್ಲಿ ಫ್ಯಾನಿನ ವೈರ್ ಸಣ್ಣದು, ಬಿಸಿಗೆ ಕರಗಿತ್ತು. ಪೈಪಿನ ಕ್ಲಿಪ್ಪೂ ಸಡಿಲವಿತ್ತು. ಗಾಡಿ ರಸ್ತೆಗೆ ಯೋಗ್ಯವೇ ಅಂತ ನೋಡುವ ವರ್ಷದ ಎಂಒಟಿ ಪರೀಕ್ಷೆ ಪಾಸಾಗಿದೆ ಅಂತ ಸುಮ್ನೆ ನಂಬಿದ್ದೆ. ಟ್ರಾಫಿಕ್‌ನಲ್ಲಿ ಎಂಜಿನ್ ವಿಪರೀತ ಬಿಸಿಯಾಗುತ್ತದಾ ಅಂತ ಆ ಪರೀಕ್ಷೆಯಲ್ಲಿ ನೋಡುವುದೇ ಇಲ್ಲ.

ಆಮೇಲೆ ಬಿಚ್ಚಿದಾಗ ಪೆಟ್ರೋಲ್ ಪೈಪೂ ಬಿರುಕು ಬಿಟ್ಟಿತ್ತು. ಇಲ್ಲಿ 2021ರ ಸೆಪ್ಟೆಂಬರ್‌ನಿಂದ ಮಾಮೂಲಿ ಪೆಟ್ರೋಲ್ ಅಂದರೆ ಇ10, ಅದರಲ್ಲಿ 10 ಪರ್ಸೆಂಟ್ ತನಕ ಎಥನಾಲ್. ಹಳೇ ರಬ್ಬರಿಗೆ ಅದು ಆಗಿಬರುವುದಿಲ್ಲ. ಆವತ್ತು ಆ ಪೈಪು ಸೋರಿದ್ದರೆ ಅಂತ ನೆನೆದರೆ ಈಗಲೂ ಎದೆ ಧಸಕ್ ಅನ್ನುತ್ತದೆ.

ಕೊಳ್ಳಲೇಬೇಕು ಅಂದರೆ ಬಿಸಿಲಿರುವ ದಿನ ಹೋಗಿ. ಎಂಜಿನ್ ಆನ್ ಮಾಡಿಸಿ ಅರ್ಧ ಗಂಟೆ ನಿಂತಲ್ಲೇ ಬಿಡಿ, ಫ್ಯಾನ್ ತಾನಾಗೇ ತಿರುಗುತ್ತದಾ ನೋಡಿ. ಸುರಂಗದ ಮೇಲೆ ಕೈಯಿಟ್ಟು ನೋಡಿ. ಮನೆಯವರನ್ನು ಕೂರಿಸಿ, ಅವರು ಒಬ್ಬರೇ ಎಷ್ಟು ಹೊತ್ತಿನಲ್ಲಿ ಇಳಿಯುತ್ತಾರೆ ನೋಡಿ. ಮಾರುವವರು ಇದಕ್ಕೆ ಒಪ್ಪದಿದ್ದರೆ ವಾಪಸ್ ಬನ್ನಿ.