ಖಿನ್ನತೆಯ ಹಿನ್ನೆಲೆ ಇದ್ದವರಿಗೆ ನೋವಿನ ಆನ್‌ಲೈನ್ ಚಿಕಿತ್ಸೆ: ಉತ್ತರ ಕನ್ನಡದಿಂದ ನೋಡಿದಾಗ

ಸೊಂಟನೋವು, ಮಂಡಿನೋವು, ನರದ ಉರಿ ಮೂರು ತಿಂಗಳು ದಾಟಿದರೆ ಅದು ದೀರ್ಘಕಾಲದ ನೋವು. ಅದಕ್ಕೆ ತಜ್ಞರನ್ನು ಹುಡುಕಿಕೊಂಡು ಕಾರವಾರದವರು ಗೋವೆಗೋ ಹುಬ್ಬಳ್ಳಿಗೋ ಹೋಗುತ್ತಾರೆ, ಭಟ್ಕಳದವರು ಮಣಿಪಾಲಕ್ಕೆ. ಶಿರಸಿಯಿಂದ ಹುಬ್ಬಳ್ಳಿ ಸುಮಾರು 100 ಕಿ.ಮೀ. ಬೆನ್ನು ಹಿಡಿದುಕೊಂಡವರಿಗೆ ಘಟ್ಟದ ತಿರುವಿನ ಬಸ್ ಪ್ರಯಾಣ ಅಂದರೆ ಮರುದಿನ ಹಾಸಿಗೆ. ಹಾಗಾಗಿ ಫೋನಿನಲ್ಲೇ ವೈದ್ಯರು ಸಿಗುವ ವ್ಯವಸ್ಥೆ ಈ ಜಿಲ್ಲೆಗೆ ದೊಡ್ಡ ಉಪಕಾರ. ಹಿಂದೆ ಖಿನ್ನತೆಗೆ ಚಿಕಿತ್ಸೆ ಪಡೆದವರ ವಿಷಯದಲ್ಲಿ ಮಾತ್ರ ಈ ಸೇವೆಯನ್ನು ಅಳೆಯುವ ಕೋಲು ಬೇರೆಯೇ ಆಗಬೇಕು. ನಮ್ಮ ತೀರ್ಪು ಹೀಗಿದೆ: ಮೊದಲ ಭೇಟಿ ಎದುರಾಬದುರೇ ಆಗಲಿ, ಮುಂದಿನವು ಅದೇ ವೈದ್ಯರೊಂದಿಗೆ ವಿಡಿಯೋದಲ್ಲಿ ನಡೆಯಲಿ. ಬರೀ ಚಾಟ್‌ನಲ್ಲಿ ಮುಗಿಸುವ ಸೇವೆ ಇಂಥವರಿಗೆ ಬೇಡವೇ ಬೇಡ.

ಎಲ್ಲಕ್ಕಿಂತ ಹೆಚ್ಚು ಜನ ತಪ್ಪು ತಿಳಿಯುವುದು ಟ್ರಮಡಾಲ್ ಎಂಬ ಪ್ರಬಲ ನೋವಿನ ಮಾತ್ರೆಯ ವಿಷಯದಲ್ಲಿ. ಆಸ್ಪತ್ರೆಯಲ್ಲಿ ಒಮ್ಮೆ ಈ ಮಾತ್ರೆ ತೆಗೆದುಕೊಂಡು ಆರಾಮ ಕಂಡವರು ಆನ್‌ಲೈನ್‌ನಲ್ಲಿ ಅದನ್ನೇ ಕೇಳುತ್ತಾರೆ. ವೈದ್ಯರು ಬರೆಯುವುದಿಲ್ಲ. ‘ಖಿನ್ನತೆ ಇತ್ತು ಅಂತ ಹೇಳಿದ್ದಕ್ಕೇ ಕೊಡಲಿಲ್ಲ, ಇನ್ನು ಮೇಲೆ ಹೇಳಲೇಬಾರದು’ ಎಂದು ಮನಸ್ಸಿನಲ್ಲಿ ಗಂಟು ಹಾಕಿಕೊಳ್ಳುತ್ತಾರೆ. ಕಾರಣ ಅದಲ್ಲ. 2018ರಲ್ಲಿ ಟ್ರಮಡಾಲ್ ಅನ್ನು 1985ರ ಎನ್‌ಡಿಪಿಎಸ್ (ಮಾದಕ ವಸ್ತು ನಿಯಂತ್ರಣ) ಕಾಯ್ದೆಯ ವ್ಯಾಪ್ತಿಗೆ ತರಲಾಯಿತು. 2020ರ ಮಾರ್ಚ್‌ನಲ್ಲಿ ಬಂದ ಟೆಲಿಮೆಡಿಸಿನ್ ಮಾರ್ಗಸೂಚಿಯು ಆ ಕಾಯ್ದೆಯಡಿಯ ಮಾದಕ ಮತ್ತು ಮನೋಪ್ರಭಾವಿ ಔಷಧಗಳನ್ನು ದೂರದಿಂದ ಬರೆಯುವುದನ್ನು ನಿಷೇಧಿಸಿತು. ಮಾರ್ಫಿನ್ ಸಹ ಹೀಗೆಯೇ. ಖಿನ್ನತೆ ಇರಲಿ, ಇಲ್ಲದಿರಲಿ, ನಿಯಮ ಎಲ್ಲರಿಗೂ ಒಂದೇ. ಈ ಒಂದು ಸಂಗತಿ ಗೊತ್ತಿದ್ದರೆ ಹಿನ್ನೆಲೆ ಮುಚ್ಚಿಡುವ ಕಾರಣಗಳಲ್ಲಿ ಅರ್ಧ ಅಲ್ಲೇ ಬಿದ್ದುಹೋಗುತ್ತದೆ.

ಮುಚ್ಚಿಟ್ಟರೆ ಆಗುವ ಅಪಾಯ ಮಾತ್ರ ನಿಜವಾದದ್ದು. ಎಸ್ಸಿಟಾಲೊಪ್ರಾಮ್, ಸರ್ಟ್ರಲಿನ್, ಫ್ಲುಯೊಕ್ಸೆಟಿನ್ ಬಗೆಯ ಖಿನ್ನತೆಯ ಮಾತ್ರೆ ತೆಗೆದುಕೊಳ್ಳುತ್ತಿರುವವರು ಅದರ ಜೊತೆಗೆ ಡೈಕ್ಲೊಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ನುಂಗಿದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಸಾಧ್ಯತೆ ಏರುತ್ತದೆ. ವಯಸ್ಸಾದವರಿಗೆ, ಹಿಂದೆ ಹೊಟ್ಟೆಹುಣ್ಣು ಇದ್ದವರಿಗೆ ಇದು ಇನ್ನೂ ಹೆಚ್ಚು. ವೈದ್ಯರಿಗೆ ಗೊತ್ತಿದ್ದರೆ ಹೊಟ್ಟೆ ಕಾಯುವ ಮಾತ್ರೆ ಸೇರಿಸುತ್ತಾರೆ ಅಥವಾ ಹಚ್ಚುವ ಜೆಲ್‌ಗೆ ಬದಲಿಸುತ್ತಾರೆ. ಮನಸ್ಸಿನ ತೀವ್ರ ಏರುಪೇರಿಗೆ ಕೊಡುವ ಲಿಥಿಯಂ ತೆಗೆದುಕೊಳ್ಳುವವರಲ್ಲಿ ಇದೇ ನೋವಿನ ಮಾತ್ರೆಗಳು ರಕ್ತದಲ್ಲಿ ಲಿಥಿಯಂ ಮಟ್ಟ ಏರಿಸಿ ವಿಷವಾಗಿಸಬಲ್ಲವು. ಅವರು ಮೆಡಿಕಲ್ ಶಾಪಿನಿಂದ ತಾವಾಗಿಯೇ ನೋವಿನ ಮಾತ್ರೆ ತರಲೇಬಾರದು. ಮನೆಯಲ್ಲಿ ಹಳೆಯ ಟ್ರಮಡಾಲ್ ಉಳಿದಿದ್ದರೆ ಅದನ್ನೂ ಹೇಳಬೇಕು. ಖಿನ್ನತೆಯ ಮಾತ್ರೆಯ ಜೊತೆ ಸೇರಿದರೆ ನಡುಕ, ಬೆವರು, ಗೊಂದಲ, ಫಿಟ್ಸ್‌ವರೆಗೂ ಹೋಗಬಹುದು. ಅಷ್ಟಲ್ಲದೆ ಫ್ಲುಯೊಕ್ಸೆಟಿನ್, ಪ್ಯಾರೊಕ್ಸೆಟಿನ್ ಎರಡೂ ಯಕೃತ್ತಿನಲ್ಲಿ ಟ್ರಮಡಾಲ್ ಸಕ್ರಿಯವಾಗುವುದನ್ನೇ ತಡೆಯುತ್ತವೆ. ನೋವು ಅಷ್ಟಾಗಿ ಇಳಿಯುವುದಿಲ್ಲ, ಅಪಾಯ ಮಾತ್ರ ಉಳಿಯುತ್ತದೆ.

ಇನ್ನೊಂದು ಮುನಿಸು ಡುಲೊಕ್ಸೆಟಿನ್ ಬಗ್ಗೆ. ಚೀಟಿ ಹಿಡಿದು ಅಂಗಡಿಗೆ ಹೋದಾಗ ‘ಇದು ಡಿಪ್ರೆಶನ್ ಮಾತ್ರೆ’ ಎಂದು ಯಾರೋ ಹೇಳುತ್ತಾರೆ, ಬಂದವರಿಗೆ ಅವಮಾನವಾಗುತ್ತದೆ. ಮೆದುಳಿನಿಂದ ಬೆನ್ನುಹುರಿಗೆ ಇಳಿದು ನೋವಿನ ಸಂಕೇತವನ್ನು ತಗ್ಗಿಸುವ ನರಮಾರ್ಗಗಳು ಸೆರೊಟೋನಿನ್, ನಾರ್‌ಅಡ್ರಿನಲಿನ್‌ಗಳ ಬಲದಿಂದ ಕೆಲಸ ಮಾಡುತ್ತವೆ. ಡುಲೊಕ್ಸೆಟಿನ್ ಎರಡನ್ನೂ ಹೆಚ್ಚಿಸುವುದರಿಂದ ಸಕ್ಕರೆ ಕಾಯಿಲೆಯ ನರನೋವಿಗೆ, ಹಳೆಯ ಬೆನ್ನುನೋವಿಗೆ, ಖಿನ್ನತೆ ಎಂದೂ ಇಲ್ಲದವರಿಗೂ ಕೊಡುತ್ತಾರೆ. ಸಾಮಾನ್ಯವಾಗಿ 30 ಮಿ.ಗ್ರಾಂನಿಂದ ಶುರುಮಾಡಿ 60ಕ್ಕೆ ಏರಿಸುತ್ತಾರೆ. ಮೊದಲ ವಾರ ವಾಕರಿಕೆ ಬರಬಹುದು, ಊಟದ ಜೊತೆ ತೆಗೆದುಕೊಂಡರೆ ಕಡಿಮೆ. ಗುಣ ಗೊತ್ತಾಗಲು ಎರಡರಿಂದ ನಾಲ್ಕು ವಾರ ಬೇಕು, ನಾಲ್ಕೇ ದಿನಕ್ಕೆ ಬಿಡಬಾರದು. ಬಿಡುವಾಗಲೂ ಒಮ್ಮೆಗೇ ಅಲ್ಲ, ವೈದ್ಯರನ್ನು ಕೇಳಿ ಇಳಿಸುತ್ತ ಬರಬೇಕು. ಈಗಾಗಲೇ ಎಸ್ಸಿಟಾಲೊಪ್ರಾಮ್ ನಡೆಯುತ್ತಿದ್ದರೆ ಅದರ ಮೇಲೆ ಇದನ್ನು ಹೇರುವಂತಿಲ್ಲ. ಮನೋವೈದ್ಯರು ಒಂದನ್ನು ಇಳಿಸಿ ಇನ್ನೊಂದನ್ನು ಏರಿಸಬೇಕಾಗುತ್ತದೆ. ಅಮಿಟ್ರಿಪ್ಟಿಲಿನ್ ಕೂಡ ಖಿನ್ನತೆಗೂ ನೋವಿಗೂ ಕೊಡುವ ಮಾತ್ರೆಯೇ: ನೋವಿಗೆ ರಾತ್ರಿ 10 ಮಿ.ಗ್ರಾಂನಷ್ಟು ಸಣ್ಣ ಪ್ರಮಾಣದಿಂದ ಆರಂಭ, ಖಿನ್ನತೆಗೆ ಬೇಕಾಗುವುದು ಅದರ ಹಲವು ಪಟ್ಟು. ಹಿಂದೆ ಜೀವ ತೆಗೆದುಕೊಳ್ಳುವ ಯೋಚನೆ ಬಂದಿದ್ದವರಿಗೆ ವೈದ್ಯರು ಒಂದು ವಾರಕ್ಕಾಗುವಷ್ಟೇ ಮಾತ್ರೆ ಬರೆದರೆ ಅದನ್ನು ಅಪನಂಬಿಕೆ ಎಂದುಕೊಳ್ಳಬೇಡಿ, ಒಳ್ಳೆಯ ವೈದ್ಯರು ಹಾಗೆಯೇ ಮಾಡುತ್ತಾರೆ.

ಖಿನ್ನತೆ ಅಳೆಯುವ ಪ್ರಶ್ನಾವಳಿಯ ವಿಷಯಕ್ಕೆ ಬರೋಣ. ಪಿಎಚ್‌ಕ್ಯು-9ರಲ್ಲಿ ಒಂಬತ್ತು ಪ್ರಶ್ನೆಗಳು, ಒಟ್ಟು 27 ಅಂಕ. 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಹೆಚ್ಚಿನ ವಿಚಾರಣೆ ಬೇಕು. ಅದರಲ್ಲಿ ನಿದ್ದೆ, ಸುಸ್ತು, ಹಸಿವು, ಗಮನ ಕುರಿತ ಪ್ರಶ್ನೆಗಳೂ ಇವೆ. ಇವೆಲ್ಲ ಬರೀ ನೋವಿನಿಂದಲೂ ಕೆಡುತ್ತವೆ. ಆನ್‌ಲೈನ್‌ನಲ್ಲಿ ಅಂಕವಷ್ಟೇ ನೋಡುವವರು ‘ನೋವೆಲ್ಲ ಮನಸ್ಸಿನದು’ ಎಂಬ ತೀರ್ಮಾನಕ್ಕೆ ಜಾರುವುದು ಇಲ್ಲೇ. ಹಾಗಾಗಿ ನಿದ್ದೆ ಕೆಡುವುದು ಮಗ್ಗುಲು ತಿರುಗಿದಾಗ ಸೊಂಟ ಹಿಡಿಯುವುದಕ್ಕೋ, ಚಿಂತೆಯಿಂದಲೋ ಎಂದು ಬಿಡಿಸಿ ಹೇಳಿ. ಒಂಬತ್ತನೆಯ ಪ್ರಶ್ನೆ ಸಾಯುವ ಯೋಚನೆಯದು. ಅದಕ್ಕೆ ಇದ್ದದ್ದನ್ನು ಇದ್ದ ಹಾಗೇ ಉತ್ತರಿಸಿ. ನರನೋವಿಗೆ ಕೊಡುವ ಪ್ರಿಗಾಬಲಿನ್, ಗಾಬಾಪೆಂಟಿನ್ ಬರೆಯುವ ಮುಂಚೆ ವೈದ್ಯರಿಗೆ ಅದು ಬೇಕೇ ಬೇಕು, ಆ ಗುಂಪಿನ ಔಷಧಗಳು ಕೆಲವರಲ್ಲಿ ಅಂಥ ಯೋಚನೆ ಹೆಚ್ಚಿಸುತ್ತವೆ ಎಂಬ ಎಚ್ಚರಿಕೆ ಇದೆ.

ಈಗ ಸೇವೆಗಳು. ಕೇಂದ್ರ ಸರ್ಕಾರದ ಆನ್‌ಲೈನ್ ವೈದ್ಯ ಸೇವೆ ಇ-ಸಂಜೀವನಿ ಉಚಿತ. ಮೊಬೈಲ್‌ಗೆ ಬರುವ ಒಟಿಪಿ ಹಾಕಿ, ವಿವರ ತುಂಬಿ, ಟೋಕನ್ ಪಡೆದು ಸರದಿ ಕಾಯಬೇಕು. ಮುಗಿದ ಮೇಲೆ ಚೀಟಿ ಫೋನಿಗೇ ಬರುತ್ತದೆ. ಪ್ರತಿ ಸಲ ಅದೇ ವೈದ್ಯರು ಸಿಗುತ್ತಾರೆಂಬ ಖಾತ್ರಿಯಿಲ್ಲ, ಇಂಥ ರೋಗಿಗೆ ಇದು ಸಣ್ಣ ಕೊರತೆಯಲ್ಲ. ಅದಕ್ಕಿಂತ ಊರಿನ ಸರ್ಕಾರಿ ಆರೋಗ್ಯ ಕೇಂದ್ರವಾದ ಆಯುಷ್ಮಾನ್ ಆರೋಗ್ಯ ಮಂದಿರಕ್ಕೆ ಹೋಗಿ ಅಲ್ಲಿಂದ ಕರೆ ಮಾಡಿಸುವುದು ಮೇಲು. ಸಮುದಾಯ ಆರೋಗ್ಯ ಅಧಿಕಾರಿ ಬಿ.ಪಿ. ನೋಡುತ್ತಾರೆ (ಡುಲೊಕ್ಸೆಟಿನ್ ಬಿ.ಪಿ. ಏರಿಸಬಲ್ಲದು), ಹಳೆಯ ಚೀಟಿ ತೋರಿಸುತ್ತಾರೆ, ಮಳೆಗಾಲದಲ್ಲಿ ಕಣಿವೆಯ ಮನೆಗಳಲ್ಲಿ ನೆಟ್‌ವರ್ಕ್ ಕೈಕೊಡುವ ತಾಪತ್ರಯವೂ ತಪ್ಪುತ್ತದೆ. ಖಾಸಗಿ ಆ್ಯಪ್‌ಗಳಲ್ಲಿ ಬೇಕಾದ ವೈದ್ಯರನ್ನೇ ಆರಿಸಿ ಮುಂದುವರಿಸಬಹುದು. ದುಡ್ಡು ಕಟ್ಟುವ ಮುಂಚೆ ಕೇಳಬೇಕಾದ್ದು ಮೂರೇ: ವಿಡಿಯೋ ಇದೆಯೇ, ಮುಂದಿನ ಸಲ ಇವರೇ ಸಿಗುತ್ತಾರೆಯೇ, ನನ್ನ ಮನೋವೈದ್ಯರ ಚೀಟಿ ಅಪ್‌ಲೋಡ್ ಮಾಡಬಹುದೇ. ಮೊದಲ ಭೇಟಿ ಎದುರಾಬದುರು ಇರಲಿ ಎನ್ನುವುದಕ್ಕೆ ಮಾರ್ಗಸೂಚಿಯಲ್ಲೂ ಆಧಾರವಿದೆ: ಅದೇ ತೊಂದರೆಗೆ ಆರು ತಿಂಗಳೊಳಗೆ ಖುದ್ದಾಗಿ ನೋಡಿದ ರೋಗಿಗೆ ವೈದ್ಯರು ಆನ್‌ಲೈನ್‌ನಲ್ಲಿ ಬರೆಯಬಹುದಾದ ಔಷಧಗಳ ಪಟ್ಟಿ ದೊಡ್ಡದು.

ಮನಸ್ಸಿನ ಕಡೆಯ ನೆರವಿಗೆ ಟೆಲಿ-ಮಾನಸ್ ಇದೆ, ಸಂಖ್ಯೆ 14416, ಹಗಲು ರಾತ್ರಿ, ಕನ್ನಡದಲ್ಲೇ. 2022ರ ಅಕ್ಟೋಬರ್ 10ರಂದು ಶುರುವಾದದ್ದು, ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ನೋವಿಗೆ ಔಷಧ ಕೇಳುವ ಜಾಗ ಇದಲ್ಲ, ಆದರೆ ನೋವಿನಿಂದ ಬದುಕೇ ಬೇಡವೆನಿಸಿದ ರಾತ್ರಿ ಮೊದಲು ಒತ್ತಬೇಕಾದ ಸಂಖ್ಯೆ ಇದೇ. ಎದುರಾಬದುರು ಮನೋವೈದ್ಯರು ಬೇಕಾದರೆ ತಾಲೂಕು ಆಸ್ಪತ್ರೆಗಳ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ವಿಚಾರಿಸಿ.

ಕರೆಗೆ ಮುಂಚೆ ಒಂದೇ ಪುಟ ಬರೆದಿಟ್ಟುಕೊಳ್ಳಿ. ಖಿನ್ನತೆ ಯಾವ ವರ್ಷ ಶುರುವಾಯಿತು, ಈಗ ಹೇಗಿದೆ, ಯಾವ ಮಾತ್ರೆ ಎಷ್ಟು ಮಿ.ಗ್ರಾಂ, ಯಾವುದು ಒಗ್ಗಲಿಲ್ಲ, ಏಕೆ ಬಿಟ್ಟದ್ದು. ನೋವಿಗೆ ಹತ್ತಕ್ಕೆ ಇಷ್ಟು ಎನ್ನುವ ಅಂಕದ ಜೊತೆಗೆ ಕೆಲಸದ ಲೆಕ್ಕ ಕೊಡಿ: ಅಡಿಕೆ ಸುಲಿಯಲು ಎಷ್ಟು ಹೊತ್ತು ಕೂರಲಾಗುತ್ತದೆ, ಮೀನಿನ ಬುಟ್ಟಿ ಎತ್ತಲಾಗುತ್ತದೆಯೇ, ಎಷ್ಟು ದೂರ ನಡೆದರೆ ಕಾಲು ಸೆಳೆಯುತ್ತದೆ. ಮನಸ್ಸು ಸರಿಯಿದ್ದ ತಿಂಗಳುಗಳಲ್ಲೂ ಇದೇ ನೋವು ಇತ್ತೇ ಎಂಬುದನ್ನು ಮರೆಯದೆ ಬರೆಯಿರಿ. ‘ಎಲ್ಲ ಮನಸ್ಸಿನದು’ ಎನ್ನುವವರಿಗೆ ಆ ಒಂದು ಸಾಲೇ ಉತ್ತರ. ಕರೆ ಮುಗಿಯುವ ಮುಂಚೆ, ಹಳೆಯ ಮಾತ್ರೆಗಳ ಜೊತೆ ಹೊಸದು ಹೊಂದುತ್ತದೆಯೇ ಎಂದು ಬಾಯಿಬಿಟ್ಟು ಕೇಳಿ. ಚೀಟಿಯಲ್ಲಿ ವೈದ್ಯರ ನೋಂದಣಿ ಸಂಖ್ಯೆ, ದಿನಾಂಕ, ಸಹಿ ಇವೆಯೇ ನೋಡಿ, ಇಲ್ಲದಿದ್ದರೆ ಅಂಗಡಿಯಿಂದ ವಾಪಸ್ ಬರಬೇಕಾದೀತು.

ಖಿನ್ನತೆಯ ವಿವರ ಊರಿಗೆಲ್ಲ ಗೊತ್ತಾಗುತ್ತದೆಂಬ ಭಯಕ್ಕೂ ಕಾನೂನಿನ ಉತ್ತರವಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆಯ ಗೋಪ್ಯತೆಯನ್ನು ಹಕ್ಕಾಗಿ ಕೊಟ್ಟಿದೆ, ನಿಮ್ಮ ದಾಖಲೆ ಕೇಳಿ ಪಡೆಯುವ ಹಕ್ಕನ್ನೂ. ಮನೆಯ ಎಲ್ಲರ ಎದುರು ಸ್ಪೀಕರ್ ಹಾಕಿ ಮಾತಾಡಬೇಡಿ, ಇಯರ್‌ಫೋನ್ ಹಾಕಿಕೊಂಡು ಕೋಣೆಯೊಳಗೆ ಕೂತು ಮಾತಾಡಿ.

ಕೆಲವು ಲಕ್ಷಣ ಕಂಡರೆ ಫೋನ್ ಬದಿಗಿಟ್ಟು ಹತ್ತಿರದ ತಾಲೂಕು ಆಸ್ಪತ್ರೆಗೋ ಕಾರವಾರದ ವೈದ್ಯಕೀಯ ಕಾಲೇಜು ಆಸ್ಪತ್ರೆಗೋ ಹೊರಡಬೇಕು: ಬೆನ್ನುನೋವಿನ ಜೊತೆ ಮೂತ್ರ ಕಟ್ಟಿಕೊಳ್ಳುವುದು, ಮಲಮೂತ್ರದ ಹಿಡಿತ ತಪ್ಪುವುದು, ತೊಡೆಗಳ ನಡುವೆ ಜೋಮು, ಪಾದ ಎತ್ತಲಾಗದಿರುವುದು, ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು. ಇವನ್ನು ಖಿನ್ನತೆಯ ಲೆಕ್ಕಕ್ಕೆ ಹಾಕಿ ಸುಮ್ಮನಿರುವಂತಿಲ್ಲ. ಯಾವ ವೈದ್ಯರಾದರೂ ಇದೆಲ್ಲ ಖಿನ್ನತೆಯಿಂದ ಎಂದು ಹೇಳಿ ಕಳಿಸಿದರೆ ಅದೇ ದಿನ ಇನ್ನೊಬ್ಬರಿಗೆ ತೋರಿಸಿ.